ಅಪರೂಪದ ಮುದ್ರಿಕೆ ಯಾರ ಸೊತ್ತು?

ಕಳೆದ ಮಳೆಗಾಲದ ಒಂದು ಭಾನುವಾರ ನಾನು ನಮ್ಮ ಜಿಲ್ಲೆಯ ಸಂಗ್ರಾಹಕರೊಬ್ಬರ ಮನೆಗೆ ಹೋಗಿದ್ದೆ. ಅವರ ಹೆಸರಾಗಲಿ ಊರಾಗಲಿ ಇಲ್ಲಿ ಬೇಡ. ನನ್ನ ಜಗಳ ಒಬ್ಬ ವ್ಯಕ್ತಿಯೊಡನೆ ಅಲ್ಲ, ಒಂದು ಮನೋಧರ್ಮದೊಡನೆ. ಮಹನೀಯರು ಸಜ್ಜನರು. ಕಾಫಿ ಕೊಟ್ಟರು, ಹಲಸಿನ ಹಪ್ಪಳ ಕೊಟ್ಟರು. ಆಮೇಲೆ ಒಳಕೋಣೆಗೆ ಕರೆದೊಯ್ದು ಗಾಜಿನ ಬಾಗಿಲಿನ ಮೂರು ಕಪಾಟುಗಳನ್ನು ತೋರಿಸಿದರು. ಒಂದರ ತುಂಬ ಹಳೆಯ ಗ್ರಾಮಫೋನ್ ತಟ್ಟೆಗಳು. ಇನ್ನೆರಡರ ತುಂಬ ಯಕ್ಷಗಾನದ, ತಾಳಮದ್ದಳೆಯ ಕ್ಯಾಸೆಟ್ಟುಗಳು. ನಾಟಕ ಕಂಪನಿಯ ಹಾಡಿನ ತಟ್ಟೆಯೊಂದನ್ನು ಎರಡು ಕೈಯಲ್ಲಿ ಹಿಡಿದು, ಮಗುವಿನ ಮುಖ ತೋರಿಸುವಂತೆ ನನಗೆ ತೋರಿಸಿದರು.

"ಇದನ್ನು ನುಡಿಸಿ ಎಷ್ಟು ಕಾಲವಾಯಿತು?" ಎಂದು ಕೇಳಿದೆ.

"ನುಡಿಸುವುದೇ? ಸವೆಯುವುದಿಲ್ಲವೇ? ಇಡೀ ಜಿಲ್ಲೆಯಲ್ಲಿ ಇದು ಇರುವುದು ನನ್ನಲ್ಲಿ ಮಾತ್ರ" ಎಂದರು.

ಅವರ ಮುಖದಲ್ಲಿದ್ದುದು ನಿಜವಾದ ಸಂತೋಷ. ಆ ಸಂತೋಷವನ್ನು ಕಂಡೇ ನನಗೆ ಈ ಲೇಖನ ಬರೆಯಬೇಕೆನಿಸಿತು. ಹಾಡೊಂದು ತನ್ನಲ್ಲಿ ಮಾತ್ರ ಇದೆ ಎಂಬುದರಲ್ಲಿ ಸುಖವಿದೆ, ಅದನ್ನು ಕೇಳುವುದರಲ್ಲಿ ಇಲ್ಲ ಎಂದಾದರೆ, ಅಲ್ಲಿ ಸಂಗ್ರಹವಾಗುತ್ತಿರುವುದು ಸಂಗೀತವೇ? ನಿಧಿಯ ಮೇಲೆ ಕುಳಿತ ಸರ್ಪಕ್ಕೂ ತನ್ನ ಕೆಲಸದಲ್ಲಿ ಸಂತೋಷವಿದ್ದೀತು. ಆದರೆ ಆ ಹೊನ್ನಿನಿಂದ ಊರಿಗೆ ಒಂದು ಕೆರೆಯಾದುದನ್ನು ಯಾರೂ ಕಂಡಿಲ್ಲ.

ಮಜ್ಜಿಗೆಗೆ ಹೋದವನು ಗಿಂಡಿ ಅಡಗಿಸಿದಂತೆ, ನಾನೂ ಬಹಳ ಹೊತ್ತು ಬಂದ ಕಾರಣವನ್ನು ಹೇಳದೆ ಅದೂ ಇದೂ ಮಾತಾಡಿದೆ. ಕಾರಣವಿದ್ದೇ ಹೋಗಿದ್ದೆ. ಅದನ್ನು ಹೇಳಬೇಕಾದರೆ ನನ್ನದೇ ಒಂದು ಪಾಪವನ್ನು ಮೊದಲು ಒಪ್ಪಿಕೊಳ್ಳಬೇಕು.

ನನ್ನ ಊರು ಲಾಯಿಲ. ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ, ಅಂಗಳದಲ್ಲಿ ನಿಂತರೆ ಗಡಾಯಿಕಲ್ಲು ಕಾಣುವ ಊರು. 1980ರ ದಶಕದಲ್ಲಿ ಬೊಂಬಾಯಿಯಲ್ಲಿದ್ದ ಚಿಕ್ಕಪ್ಪ ನಮ್ಮ ಮನೆಗೆ ಒಂದು ಟೇಪ್‌ರೆಕಾರ್ಡರ್ ತಂದುಕೊಟ್ಟರು. ತಂದೆಯವರಿಗೆ ಅದು ಕುಲದೇವರಿಗಿಂತ ಒಂದು ಮೆಟ್ಟಿಲು ಮಾತ್ರ ಕೆಳಗೆ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಮದ್ದಳೆಯ ನುಡಿತ, ಅರ್ಥಧಾರಿಗಳ ಮಾತು, ಹೊರಗೆ ಜಡಿಮಳೆ. ತಂದೆಯವರು ಪ್ಲಾಸ್ಟಿಕ್ ಚೀಲದಲ್ಲಿ ಆ ಯಂತ್ರವನ್ನು ಸುತ್ತಿಕೊಂಡು ಹೋಗಿ ಧ್ವನಿವರ್ಧಕದ ಕೆಳಗೆ ಇಡುತ್ತಿದ್ದರು. ಅಲ್ಲಿ ಅದಾಗಲೇ ಐದಾರು ಯಂತ್ರಗಳು ಸಾಲಾಗಿ ಕುಳಿತಿರುತ್ತಿದ್ದವು. ನಲವತ್ತೈದು ನಿಮಿಷಕ್ಕೊಮ್ಮೆ ಟಕ್ ಟಕ್ ಎಂದು ಎಲ್ಲವೂ ಒಂದರ ಹಿಂದೆ ಒಂದು ನಿಲ್ಲುವುದು. ಯಜಮಾನರು ಬಗ್ಗಿ ಓಡಿ ಮಗ್ಗುಲು ತಿರುಗಿಸುವುದು. ಆ ಅರ್ಧ ನಿಮಿಷದಲ್ಲಿ ಕರ್ಣನೋ ಕೌರವನೋ ಆಡಿದ ಮಾತು ಲೋಕಕ್ಕೆ ನಷ್ಟ. ಆದ್ದರಿಂದ ಒಬ್ಬರು ಮುಂಚೆ ತಿರುಗಿಸುವುದು, ಇನ್ನೊಬ್ಬರು ತಡವಾಗಿ ತಿರುಗಿಸುವುದು ಎಂಬ ಒಪ್ಪಂದವೂ ಇತ್ತು. ಒಬ್ಬನಲ್ಲಿ ತಪ್ಪಿದ್ದು ಇನ್ನೊಬ್ಬನಲ್ಲಿ ಸಿಗುತ್ತಿತ್ತು.

ಈ ಒಪ್ಪಂದದ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಆ ಬಳಗದಲ್ಲಿ ಸಿರಿವಂತರಿರಲಿಲ್ಲ. ಖಾಲಿ ಕ್ಯಾಸೆಟ್ಟು ಕೊಳ್ಳುವುದೂ ಒಂದು ಖರ್ಚೇ. ಶೇಣಿ ಗೋಪಾಲಕೃಷ್ಣ ಭಟ್ಟರ ಒಂದು ಅರ್ಥ ಬೇಕಾದರೆ ಸಾಮಗರ ಒಂದು ಅರ್ಥವನ್ನು ಹಿಡಿದುಕೊಂಡು ಹೋಗುವುದು; ಅವರ ಮನೆಯಲ್ಲಿ ಕುಳಿತು ಎರಡನ್ನೂ ಕೇಳುತ್ತ ಪ್ರತಿ ಮಾಡಿಕೊಳ್ಳುವುದು. ಮಂಗಳೂರು ಆಕಾಶವಾಣಿ 1976ರಲ್ಲಿ ಆರಂಭವಾಗಿ ತಾಳಮದ್ದಳೆಗಳನ್ನು ಪ್ರಸಾರ ಮಾಡತೊಡಗಿದ ಮೇಲೆ ರೇಡಿಯೋದಿಂದ ಹಿಡಿದಿಟ್ಟದ್ದೂ ಈ ವಿನಿಮಯಕ್ಕೆ ಬಂತು. ಪ್ರತಿಯಿಂದ ಪ್ರತಿ ತೆಗೆದಂತೆ ಸದ್ದು ಮಂಕಾಗುತ್ತಿತ್ತು, ಹಿಂದಿನ ಹಿಸ್ಸೆಂಬ ಶಬ್ದ ಹೆಚ್ಚುತ್ತಿತ್ತು. ಆದರೂ ಮೂರನೆಯ ಪ್ರತಿ ಎಂದು ಯಾರೂ ಬೇಡವೆನ್ನಲಿಲ್ಲ. "ಅಪರೂಪ" ಎಂಬ ಮಾತನ್ನು ಅವರು ಬಳಸುತ್ತಿದ್ದುದು ಮಾತಿನ ಸೊಗಸಿಗೆ, ಕ್ಯಾಸೆಟ್ಟಿಗಲ್ಲ.

ಇನ್ನು ನನ್ನ ಪಾಪ. 1986ರ ಮಳೆಗಾಲದಲ್ಲಿ ತಂದೆಯವರು ಮುದ್ರಿಸಿಕೊಂಡ ಒಂದು 'ವಾಲಿವಧೆ' ನಮ್ಮಲ್ಲಿತ್ತು. ಅಳಿಸಿಹೋಗದಿರಲೆಂದು ಅವರು ಕ್ಯಾಸೆಟ್ಟಿನ ಬೆನ್ನಿನ ಎರಡು ಪುಟ್ಟ ಹಲ್ಲುಗಳನ್ನು ಮುರಿದಿದ್ದರು. ಹಾಗೆ ಮುರಿದರೆ ಯಂತ್ರ ಅದರ ಮೇಲೆ ಮತ್ತೆ ಮುದ್ರಿಸದು. 1993ರಲ್ಲಿ, ಹದಿಮೂರರ ಪ್ರಾಯದ ನಾನು, ಆ ತೂತಿಗೆ ಕಾಗದದ ಉಂಡೆ ತುರುಕಿ, ಕೊನೆಯ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಿನ ಮೇಲೆ ಗೆಳೆಯನೊಬ್ಬನಲ್ಲಿದ್ದ ಚಿತ್ರಗೀತೆಗಳನ್ನು ಇಳಿಸಿಕೊಂಡೆ. ಮೊದಲನೆಯ ಮಗ್ಗುಲಿನ ಕೊನೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ತಿರುಗಿಸಿದರೆ ಡೋಲಕ್ಕಿನ ಸದ್ದು. ವಾಲಿಯ ಪ್ರಶ್ನೆ ನಮ್ಮ ಮನೆಯಲ್ಲಿ ಉಳಿದಿದೆ. ರಾಮನ ಉತ್ತರವನ್ನು ನಾನು ಅಳಿಸಿದೆ. ತಂದೆಯವರು ನನಗೆ ಹೊಡೆಯಲಿಲ್ಲ. "ಹೋಗಲಿ, ಇನ್ನೊಂದು ಪ್ರತಿ ಯಾರಲ್ಲಾದರೂ ಇದ್ದೀತು" ಎಂದಷ್ಟೇ ಹೇಳಿದರು. ಅವರು ತೀರಿಕೊಂಡು ವರ್ಷಗಳಾದವು. ತಾಳಮದ್ದಳೆಯಲ್ಲಿ ಅರ್ಥಕ್ಕೆ ಬರೆದ ಪಾಠವಿಲ್ಲ. ಅದೇ ಪ್ರಸಂಗ, ಅದೇ ಪಾತ್ರ, ಅದೇ ಕಲಾವಿದರಾದರೂ ಆ ರಾತ್ರಿಯ ಮಾತು ಮರುರಾತ್ರಿ ಬಾರದು. ಹೋದದ್ದು ಹೋದಂತೆಯೇ.

ಆ ಇನ್ನೊಂದು ಪ್ರತಿ ಈ ಸಂಗ್ರಾಹಕರ ಕಪಾಟಿನಲ್ಲಿತ್ತು! ಅವರ ಪಟ್ಟಿಯಲ್ಲಿ ಅದೇ ಪ್ರಸಂಗ, ಅದೇ ಊರು, ಅದೇ ವರ್ಷ. ಒಮ್ಮೆ ಕೇಳಿಸಿರೆಂದು ಬೇಡಿದೆ. "ಅಪರೂಪದ್ದು ಸ್ವಾಮಿ, ಒಮ್ಮೆ ಹೊರಬಿದ್ದರೆ ಮತ್ತೆ ಅದಕ್ಕೇನು ಬೆಲೆ?" ಎಂದು ನಯವಾಗಿಯೇ ಕಪಾಟಿಗೆ ಬೀಗ ಹಾಕಿದರು.

ಈ "ಬೆಲೆ"ಯ ಮಾತನ್ನು ತುಸು ವಿಚಾರ ಮಾಡೋಣ. ಸಂಗ್ರಾಹಕರೆಲ್ಲರ ಕೊನೆಯ ವಾದ ಇದೇ ಆದ್ದರಿಂದ, ಸಂಗ್ರಾಹಕರ ಲೋಕದಿಂದಲೇ ಒಂದು ನಿದರ್ಶನ ಕೊಡುತ್ತೇನೆ. ಅಮೆರಿಕದ ಕರಿಯ ಗಾಯಕರು 1960ರ ದಶಕದಲ್ಲಿ ಹಾಡಿದ ಒಂದು ಬಗೆಯ ಸಂಗೀತಕ್ಕೆ ಸೋಲ್ ಎಂದು ಹೆಸರು. ಕನ್ನಡದ ಕಿವಿಗೆ ಅದು ಸೋಲಿನಂತೆ ಕೇಳಿಸಿದರೆ ತಪ್ಪಲ್ಲ. ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಊರುಗಳ ತರುಣರು ಹುಡುಕಿ ಹುಡುಕಿ ತಂದದ್ದು ಆ ಸಂಗೀತದಲ್ಲಿ ಸೋತ ತಟ್ಟೆಗಳನ್ನೇ. ಮಾರುಕಟ್ಟೆಯಲ್ಲಿ ಓಡದೆ ಉಗ್ರಾಣ ಸೇರಿದ್ದ ಅವನ್ನು ತಂದು ನುಡಿಸಿ, ವಿಗಾನ್ ಎಂಬ ಊರಿನ ಕ್ಯಾಸಿನೋದಲ್ಲಿ 1973ರಿಂದ 1981ರವರೆಗೆ ನಡುರಾತ್ರಿ ಕಳೆದ ಮೇಲೆ ತೊಡಗಿ ಬೆಳಗಿನ 8 ಗಂಟೆಯವರೆಗೆ ಕುಣಿದರು. ರಾತ್ರಿಯಿಡೀ ನಿದ್ದೆಗೆಡುವ ಸುಖ ನಮ್ಮ ಬಯಲಾಟದವರಿಗೆ ಮಾತ್ರ ಗೊತ್ತೆಂದು ನಾವು ಭಾವಿಸಬೇಕಾಗಿಲ್ಲ.

ಅಲ್ಲಿಯೂ ಕೃಪಣರಿದ್ದರು. ತಟ್ಟೆ ನುಡಿಸುವವರು ಹೆಸರುಪಟ್ಟಿಯ ಮೇಲೆ ಬಿಳಿಯ ಕಾಗದ ಅಂಟಿಸಿ, ಹಾಡಿದವರಿಗೆ ಸುಳ್ಳು ಹೆಸರಿಟ್ಟು, ಬೇರೆಯವರಿಗೆ ಜಾಡು ಸಿಗದಂತೆ ಮಾಡುತ್ತಿದ್ದರು. ಫ್ರಾಂಕ್ ವಿಲ್ಸನ್ ಎಂಬವರು 1965ರಲ್ಲಿ ಹಾಡಿದ ಒಂದು ತಟ್ಟೆಯನ್ನೂ ಮೊದಲು ಬೇರೊಬ್ಬ ಗಾಯಕರ ಹೆಸರಿನಲ್ಲೇ ನುಡಿಸಿದರು. ಅದರ ಮೂಲಪ್ರತಿಗಳು ಬೆರಳೆಣಿಕೆಯಲ್ಲಿ ಮಾತ್ರ ಉಳಿದಿದ್ದವು. ಆದರೆ 1979ರಲ್ಲಿ ಕಂಪನಿಯವರೇ ಅದನ್ನು ಮತ್ತೆ ಅಚ್ಚೊತ್ತಿ ಹೊರಡಿಸಿದರು; ಬೇಕಾದವರೆಲ್ಲ ಕೊಂಡು ಕೇಳಿದರು. ನಮ್ಮ ಸಂಗ್ರಾಹಕರ ತರ್ಕದಂತೆ ಅಂದಿಗೆ ಮೂಲತಟ್ಟೆಯ ಬೆಲೆ ಮಣ್ಣುಪಾಲಾಗಬೇಕಿತ್ತು. ಆದದ್ದೇನು? 2009ರಲ್ಲಿ ಅದರ ಒಂದು ಮೂಲಪ್ರತಿ 25,000 ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಕೇಳಿದವರು ಹೆಚ್ಚಿದಂತೆ ಬಯಸಿದವರೂ ಹೆಚ್ಚಿದರು. ಯಾರೂ ಕೇಳದ ತಟ್ಟೆಯನ್ನು ಬಯಸುವವರು ಯಾರು? ಬೆಲೆಯನ್ನೇ ದೇವರೆಂದು ನಂಬಿದವರಿಗೂ ಬೀಗ ಲಾಭವಲ್ಲ.

ದೂರದ ಮಾತಾಯಿತೆನ್ನುವವರು ನಮ್ಮ ಮೂಡುಬಿದಿರೆಗೆ ಬರಲಿ. ಧವಲಾ, ಜಯಧವಲಾ ಮೊದಲಾದ ಜೈನ ಸಿದ್ಧಾಂತಗ್ರಂಥಗಳ ತಾಡವಾಲೆ ಪ್ರತಿಗಳು, ಹಳಗನ್ನಡ ಲಿಪಿಯಲ್ಲಿ, ಅಲ್ಲಿನ ಬಸದಿಯಲ್ಲಲ್ಲದೆ ಬೇರೆಲ್ಲಿಯೂ ಉಳಿದಿರಲಿಲ್ಲ. ಅವನ್ನು ಅಷ್ಟು ಶತಮಾನ ಮಳೆ, ಗೆದ್ದಲುಗಳಿಂದ ಕಾಪಾಡಿದವರಿಗೆ ನಾಡು ತಲೆಬಾಗಬೇಕು. ಆದರೆ ಆ ಗ್ರಂಥಗಳು ಬಹುಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು, ಓದಿಗೆ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು. ಪ್ರತಿಕಾರರಲ್ಲಿ ಒಬ್ಬ ಪಂಡಿತರು ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಬರೆದುಕೊಂಡರೆಂದೂ, ಹೊರಗೆ ಗ್ರಂಥ ಹರಡಿದ್ದು ಅದರಿಂದಲೆಂದೂ ಬಲ್ಲವರು ಹೇಳುತ್ತಾರೆ. 1939ರಿಂದ 1959ರವರೆಗೆ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲಾ 16 ಸಂಪುಟಗಳಾಗಿ ಅಚ್ಚಾಯಿತು. ಇದರಿಂದ ಮೂಡುಬಿದಿರೆಯ ಓಲೆಗಳ ಗೌರವ ಕುಂದಿತೇ? ಅವುಗಳಲ್ಲಿ ಏನಿದೆಯೆಂದು ಲೋಕಕ್ಕೆ ತಿಳಿದ ಮೇಲೆ ಅದು ಇಮ್ಮಡಿಯಾಯಿತು. ಪಂಪ ರನ್ನರನ್ನು ನಾನು ತರಗತಿಯಲ್ಲಿ ಪಾಠ ಮಾಡಲು ಸಾಧ್ಯವಾದದ್ದೂ ಯಾರೋ ಹೆಸರಿಲ್ಲದ ಲಿಪಿಕಾರರು ಬೆನ್ನು ಬಗ್ಗಿಸಿ ಪ್ರತಿ ಮಾಡಿದ್ದರಿಂದ. ಅಪರೂಪವಾಗಿರಲಿ ಎಂದು ಅವರು ಹಟ ಹಿಡಿದಿದ್ದರೆ ಕನ್ನಡ ಸಾಹಿತ್ಯಕ್ಕೆ ಒಂದು ಗೆದ್ದಲಿನ ಹುತ್ತ ಸಾಕಾಗುತ್ತಿತ್ತು.

ಓಲೆಗಾದರೂ ಶತಮಾನಗಳ ಆಯುಸ್ಸಿದೆ. ಕ್ಯಾಸೆಟ್ಟಿಗೆ ಏನಿದೆ? ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ನಾಡು ನಮ್ಮದು. ಗಾಜಿನ ಕಪಾಟಿನೊಳಗೂ ಬೂಷ್ಟು ಹಿಡಿಯುತ್ತದೆ. ಫೀತೆಯ ಮೇಲಿನ ಕಾಂತದ ಲೇಪ ಸಡಿಲಾಗುತ್ತದೆ. ಸುರುಳಿಯ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟಿ ಮಾತಿಗೆ ಮುನ್ನವೇ ಮಾತಿನ ಪ್ರೇತ ಕೇಳಿಸತೊಡಗುತ್ತದೆ. ನುಡಿಸಿದರೆ ಸವೆಯುತ್ತದೆಂಬುದು ನಿಜ. ನುಡಿಸದೆ ಇಟ್ಟರೂ ಸಾಯುತ್ತದೆಂಬುದು ಅಷ್ಟೇ ನಿಜ. ಗ್ರಾಮಫೋನ್ ತಟ್ಟೆಯೋ ಅರಗಿನದು, ಕೈಜಾರಿದರೆ ಚೂರು. ಒಮ್ಮೆ ಜಾಗ್ರತೆಯಾಗಿ ನುಡಿಸಿ ಪ್ರತಿ ಮಾಡಿಕೊಂಡರೆ ಮೂಲವನ್ನು ಆಮೇಲೆ ಎಷ್ಟು ಬೇಕಾದರೂ ಪೂಜಿಸಬಹುದು. ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಇಡೀ ಸಂಗ್ರಹವನ್ನು ಗುಜರಿಯವನ ತಕ್ಕಡಿಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಕ್ಕಳನ್ನು ಏಕೆ ಬೈಯಬೇಕು? ಅಪ್ಪ ಎಂದೂ ಅವರಿಗೆ ಕೇಳಿಸಿರಲಿಲ್ಲ.

ಇಷ್ಟು ಹೇಳಿದ್ದನ್ನು ಕೇಳಿ, "ಸರಿಯಾಗಿ ಹೇಳಿದಿರಿ, ನಾವಂತೂ ಎಲ್ಲವನ್ನೂ ಹಂಚುತ್ತೇವೆ" ಎಂದು ಇನ್ನೊಂದು ಪಂಗಡದವರು ಎದೆಯುಬ್ಬಿಸಬಹುದು. ಅವರೊಡನೆಯೂ ನನಗೆ ಜಗಳವಿದೆ. 2023ರಲ್ಲಿ ಬಲಿಪ ನಾರಾಯಣ ಭಾಗವತರು ತೀರಿಕೊಂಡಾಗ ನನ್ನ ಫೋನಿಗೆ ವಾಟ್ಸಾಪಿನಲ್ಲಿ ಹತ್ತಾರು ಹಾಡಿನ ತುಣುಕುಗಳು ಬಂದವು. ಒಂದರಲ್ಲಿಯೂ ವರ್ಷವಿಲ್ಲ, ಊರಿಲ್ಲ, ಮದ್ದಳೆ ಯಾರದೆಂದಿಲ್ಲ. ಬಲಿಪರ ಅಜ್ಜನೂ ಅದೇ ಹೆಸರಿನ ಹೆಸರಾಂತ ಭಾಗವತರೇ. ಇನ್ನು ಐವತ್ತು ವರ್ಷ ಕಳೆದ ಮೇಲೆ ಅಜ್ಜ ಯಾರು ಮೊಮ್ಮಗ ಯಾರು ಎಂದು ಹೇಳುವವರು ಯಾರು? 1990ರಲ್ಲಿ, ಮೂವತ್ತೆರಡು ತುಂಬುವ ಮುನ್ನವೇ ತೀರಿಕೊಂಡ ಕಾಳಿಂಗ ನಾವಡರ ಕಂಠವೂ ಹೀಗೆಯೇ ತುಂಡು ತುಂಡಾಗಿ ಅಲೆಯುತ್ತಿದೆ. ವಿಗಾನಿನ ಕೃಪಣರು ದುರಾಸೆಯಿಂದ ಹೆಸರನ್ನು ಮುಚ್ಚಿದರು. ನಾವು ಉದಾಸೀನದಿಂದ ಮುಚ್ಚುತ್ತಿದ್ದೇವೆ. ಫಲ ಒಂದೇ. ಇದರಲ್ಲಿ ನಮ್ಮ ಮನೆಯೂ ಸೇರಿದೆ: ತಂದೆಯವರ 'ವಾಲಿವಧೆ'ಯ ಪೆಟ್ಟಿಗೆಯ ಮೇಲೆ ಊರು, ವರ್ಷ ಇವೆ, ಆ ರಾತ್ರಿಯ ರಾಮ ಯಾರೆಂದು ಅವರು ಬರೆದಿಡಲಿಲ್ಲ.

ಹೆಸರು ಎಷ್ಟು ಮುಖ್ಯವೆಂಬುದು ಧ್ವನಿಮುದ್ರಣದ ಮೊದಲ ದಿನದಿಂದಲೇ ತಿಳಿದಿದ್ದ ಸಂಗತಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೋಹರ್ ಜಾನ್ ಹಾಡಿದಾಗ ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ಮುದ್ರಿಸಿದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಿ ಬರಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಬೇಕಿತ್ತು. ಆ ಗಾಯಕಿ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ಕಣ್ಣು ಮುಚ್ಚಿದ್ದು ನಮ್ಮ ಮೈಸೂರಿನಲ್ಲಿ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು 'ಗಾಂಧಾರಿ' ಎಂಬ ಹೆಸರಿನಲ್ಲಿ ಬಂದವು. ಗಂಟಲಿನ ಚಿಕಿತ್ಸೆಯ ನಂತರ ಅವರ ಕಂಠವೇ ಬದಲಾಯಿತು. ನಾವೆಲ್ಲ ಬಲ್ಲ ಆ ಗಂಡುದನಿಗೆ ಮುಂಚೆ ಒಂದು ಎಳೆಯ ಹೆಣ್ಣುದನಿ ಇತ್ತೆಂಬುದಕ್ಕೆ ಆ ತಟ್ಟೆಗಳೇ ಸಾಕ್ಷಿ. ಗಾಂಧಾರಿಯೇ ಗಂಗೂಬಾಯಿ ಎಂಬ ಒಂದು ಸಾಲಿನ ತಿಳಿವಳಿಕೆ ಕಳೆದುಹೋಗಿದ್ದರೆ ತಟ್ಟೆಯಿದ್ದೂ ಸಾಕ್ಷಿ ಇಲ್ಲದಂತಾಗುತ್ತಿತ್ತು.

ಸರಿಯಾಗಿ ಮಾಡುವುದು ಹೇಗೆಂಬುದಕ್ಕೆ ನನ್ನ ಮನೆಯಿಂದ ಬಹುದೂರ ಹೋಗಬೇಕಾಗಿಲ್ಲ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ತುಳುವಿನ ಸಿರಿ ಕಾವ್ಯವನ್ನು ದಿನಗಟ್ಟಲೆ ಹಾಡಿ ಹೇಳಿದರು. ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮವರೇ ಆದ ವಿವೇಕ ರೈ, ಚಿನ್ನಪ್ಪ ಗೌಡರು ಕೂಡಿ ಅದನ್ನು ಮುದ್ರಿಸಿ, ಬರೆದು, 15,683 ಸಾಲುಗಳ ಪಾಠವನ್ನು 1998ರಲ್ಲಿ ಹೊರತಂದರು. ಹಾಡಿದವರ ಹೆಸರು ಪುಸ್ತಕದ ಹಣೆಯ ಮೇಲೇ ಇದೆ. ಅಕ್ಷರ ಬಲ್ಲವರು ಹೊತ್ತಗೆಗೆ ತಮ್ಮ ಹೆಸರಿಟ್ಟು ಹಾಡಿದವರನ್ನು ಅಡಿಟಿಪ್ಪಣಿಗೆ ಇಳಿಸುವ ನಮ್ಮ ವಾಡಿಕೆಯನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತೆಂದು ತಿಳಿದೀತು.

ಕಾನೂನಿನ ಭಯ ಹೇಳುವವರೂ ಉಂಟು. ನಮ್ಮ ಕೃತಿಸ್ವಾಮ್ಯ ಕಾನೂನಿನಂತೆ ಪ್ರಕಟವಾದ ಧ್ವನಿಮುದ್ರಣದ ಹಕ್ಕು 60 ವರ್ಷ. ಅದರಾಚೆಯ ತಟ್ಟೆಗಳಿಗೆ ಆ ಹಕ್ಕಿನ ತೊಡಕಿಲ್ಲ, ಸಾಹಿತ್ಯ ಬರೆದವರ ಹಕ್ಕನ್ನು ಮಾತ್ರ ನೋಡಿಕೊಳ್ಳಬೇಕು. ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಮುದ್ರಿಕೆಯನ್ನು ಉಳಿಸಿಕೊಳ್ಳಲು ವಿದ್ಯುನ್ಮಾನ ಪ್ರತಿ ಮಾಡಿಕೊಳ್ಳುವುದಕ್ಕೆ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಜೀವಂತ ಕಲಾವಿದರ ಹಕ್ಕನ್ನು ಗೌರವಿಸಲೇಬೇಕು. ಮಾರಿ ಹಣ ಮಾಡಿರೆಂದು ನಾನು ಹೇಳುತ್ತಿಲ್ಲ. ಆದರೆ ಬೀಗದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡವರು ಕಾನೂನಿನ ಹೆಸರು ಹೇಳಬಾರದು.

ನಾವು ಅಧ್ಯಾಪಕರೂ ಈ ದೋಷದಿಂದ ಹೊರತಲ್ಲ. ಪಾಠಾಂತರಗಳ ಮೇಲೆ ಗಂಟೆಗಟ್ಟಲೆ ಮಾತಾಡುವ ನಾವು, ಕಣ್ಣೆದುರಿಗೇ ಇದ್ದ ವಾಚಿಕದ ಒಂದು ಇಡೀ ಯುಗ ಕ್ಯಾಸೆಟ್ಟಿನಲ್ಲಿ ಕೊಳೆಯುವುದನ್ನು ಸುಮ್ಮನೆ ನೋಡಿದೆವು. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ರಂಗಕಲೆಗಳ ಅಧ್ಯಯನಕ್ಕೆಂದೇ ಒಂದು ಕೇಂದ್ರವನ್ನು ಕಟ್ಟಿ ದಾರಿ ತೋರಿಸಿದ್ದರು. ಪ್ರತಿ ತಾಲೂಕಿನ ಒಂದು ಕಾಲೇಜು ಗ್ರಂಥಾಲಯ ಒಂದು ಕಪಾಟನ್ನು ಇದಕ್ಕೆ ಬಿಟ್ಟುಕೊಟ್ಟರೂ ಸಾಕು. ಸಂಗ್ರಾಹಕರನ್ನು ನಾನು ಕೇಳುವುದೂ ಹೆಚ್ಚಿನದಲ್ಲ: ಮೂಲ ನಿಮ್ಮಲ್ಲೇ ಇರಲಿ, ಪ್ರತಿಯೊಂದನ್ನು ಹೊರಗಿಡಿ, ಪ್ರತಿಯೊಡನೆ ಯಾರು, ಎಲ್ಲಿ, ಯಾವಾಗ, ಮುದ್ರಿಸಿದವರು ಯಾರು ಎಂಬ ಚೀಟಿ ಇರಲಿ, ವರ್ಷಕ್ಕೊಮ್ಮೆ ಹತ್ತು ಜನರನ್ನು ಕೂರಿಸಿ ಕೇಳಿಸಿ. ಮುದುಕರು ಬಂದು "ಆ ದಿನ ಮದ್ದಳೆಗೆ ಇಂಥವರಿದ್ದರು" ಎಂದು ಹೇಳುತ್ತಾರೆ. ಅದನ್ನು ಅಲ್ಲೇ ಬರೆದುಕೊಳ್ಳಿ. "ಆ ಕಾಲ ಎಷ್ಟು ಚೆನ್ನಾಗಿತ್ತು" ಎಂದು ಸಭೆಗಳಲ್ಲಿ ಕಣ್ಣೊರೆಸಿಕೊಳ್ಳುವುದಕ್ಕಿಂತ ಇದು ಹೆಚ್ಚು ಉಪಯುಕ್ತ.

ತಂದೆಯವರು ಬಿಟ್ಟುಹೋದ ಕ್ಯಾಸೆಟ್ಟುಗಳು ನನ್ನಲ್ಲಿ 72 ಇವೆ. ಇದುವರೆಗೆ 41ಕ್ಕೆ ಪ್ರತಿ ಮಾಡಿದ್ದೇನೆ, ಚೀಟಿ ಬರೆದಿದ್ದೇನೆ. 'ವಾಲಿವಧೆ'ಯ ಚೀಟಿಯಲ್ಲಿ ಕೊನೆಯ ಮಗ್ಗುಲನ್ನು ಅಳಿಸಿದವನ ಹೆಸರನ್ನೂ ಬರೆದಿದ್ದೇನೆ, ಅದು ನನ್ನದೇ. ಬರುವ ಆಟಿ ತಿಂಗಳ ಒಂದು ಸಂಜೆ ಲಾಯಿಲದ ನಮ್ಮ ಮನೆಯ ಜಗಲಿಯಲ್ಲಿ ಅದನ್ನು ಕೇಳಿಸುವವನಿದ್ದೇನೆ. ಆ ಸಂಗ್ರಾಹಕರಿಗೂ ಪತ್ರ ಬರೆದಿದ್ದೇನೆ. ಅವರು ಕ್ಯಾಸೆಟ್ಟನ್ನು ಕೊಡುವುದು ಬೇಡ, ಪ್ರತಿಯೂ ಬೇಡ. ಅದನ್ನು ತಾವೇ ಹಿಡಿದು ತಂದು, ತಾವೇ ನುಡಿಸಿ, ತಾವೇ ಮರಳಿ ಒಯ್ಯಲಿ. ಆ ರಾಮ ಯಾರು, ಅವನು ಏನು ಹೇಳಿದ ಎಂದು ಹತ್ತು ಜನ ಒಮ್ಮೆ ಕೇಳಿದರೆ ಸಾಕು.